ಪೆರ್ಲ–ಬದಿಯಡ್ಕ ರಸ್ತೆಗೆ ಹಳೆ ಯೂನಿಕಾರ್ನ್: ಮನೆಯಲ್ಲೇ ಎಂತೆಲ್ಲ ಬದಲಾಯಿಸಬಹುದು?

ಪೆರ್ಲದ ಸವಾರ

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ ಹೋಂಡಾ ಯೂನಿಕಾರ್ನ್ 150 ಈಗ ನನ್ನ ಕೈಗೆ ಬಂದಿದೆ. 2012ರ ಗಾಡಿ, ಕಾಸರಗೋಡಿನ ಕೆಎಲ್ 14 ನಂಬ್ರ. ಎಂಜಿನ್ ಇದುವರೆಗೆ ಬಿಚ್ಚಿಲ್ಲ, ಸದ್ದು ಈಗಲೂ ನಯ. ದಿನಾ ಪೆರ್ಲದಿಂದ ಬದಿಯಡ್ಕ ದಾಟಿ ಕಾಸರಗೋಡಿಗೆ ಕೆಲಸಕ್ಕೆ ಹೋಗಿ ಬರುದು. ವಾಪಸು ಬರುವಾಗ ಕತ್ತಲೆ. ತೋಟದ ನಡುವಿನ ತಿರುವುಗಳಲ್ಲಿ ಈಗಿರುವ ಹೆಡ್‌ಲೈಟ್ ಎಲ್ಲಿಗೂ ಸಾಲುದಿಲ್ಲ. ರಜೆ ಇದ್ದರೆ ಪೊಸಡಿಗುಂಪೆ, ರಾಣಿಪುರ ಕಡೆ ಹೋಗುವ ಅಭ್ಯಾಸವೂ ಉಂಟು.

ಮನಸ್ಸಿನಲ್ಲಿರುವುದು ಇಷ್ಟು: ಎರಡು ಎಲ್‌ಇಡಿ ಫಾಗ್ ಲೈಟ್, ಸ್ವಲ್ಪ ಅಗಲದ ಹ್ಯಾಂಡಲ್ ಬಾರ್, ಹಿಂದೆ ದಪ್ಪ ಟಯರ್, ಹಿಂದಿನ ಉದ್ದ ಮಡ್‌ಗಾರ್ಡ್ ತೆಗೆದು ಗಿಡ್ಡದ್ದು ಹಾಕುದು, ಟ್ಯಾಂಕಿಗೆ ಹೊಸ ಬಣ್ಣ. ಮನೆಯ ಹಿಂದೆ ಅಡಿಕೆ ಸುಲಿಯುವ ಶೆಡ್ ಉಂಟು, ಕರೆಂಟೂ ಉಂಟು. ರಿಂಗ್ ಸ್ಪ್ಯಾನರ್ ಸೆಟ್, ಅಲೆನ್ ಕೀ, ಡ್ರಿಲ್ ಇದೆ. ಕೈಯಾರೆ ಮಾಡಬೇಕು ಎಂಬ ಆಸೆ. ಯಾವುದನ್ನು ಮೊದಲು ಮಾಡುದು, ಯಾವುದನ್ನು ಬಿಡುದು, ಗೊತ್ತಿದ್ದವರು ಹೇಳಿ.

ಕುಂಬಳೆ ಸ್ಪ್ಯಾನರ್

ಒಳ್ಳೆ ಗಾಡಿ ಸಿಕ್ಕಿದೆ ನಿಮಗೆ. ನನ್ನದು ಗ್ಯಾರೇಜ್ ಕೆಲಸವೇ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಹೊಸ ಸಾಮಾನು ತರುವ ಮೊದಲು ಇದ್ದದ್ದನ್ನು ಸರಿ ಮಾಡಿ. ಇಷ್ಟು ವರ್ಷದ ಗಾಡಿಯಲ್ಲಿ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್), ಚಕ್ರದ ಬೇರಿಂಗ್, ಫೋರ್ಕ್ ಆಯಿಲ್, ಸ್ವಿಂಗ್ ಆರ್ಮ್ ಬುಶ್ ಇವು ಹೆಚ್ಚಾಗಿ ಕೊನೆಗೆ ಬಂದಿರುತ್ತವೆ. ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರ ನೆಲದಿಂದ ಎತ್ತಿ. ಹ್ಯಾಂಡಲನ್ನು ಒಂದು ಬೆರಳಿನಲ್ಲಿ ಮೆಲ್ಲ ಆಚೀಚೆ ತಿರುಗಿಸಿ. ನೇರ ಬರುವ ಜಾಗದಲ್ಲಿ ಸಣ್ಣಗೆ ಸಿಕ್ಕಿಕೊಂಡ ಹಾಗೆ ಆದರೆ ಕೋನ್ ಸೆಟ್ಟಿನ ಗುಂಡುಗಳು ಕುಳಿ ಮಾಡಿವೆ ಅಂತ ಲೆಕ್ಕ. ಆಮೇಲೆ ಫೋರ್ಕಿನ ಅಡಿ ಹಿಡಿದು ಮುಂದೆ ಹಿಂದೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಸಡಿಲ. ಈ ದೋಷ ಇಟ್ಟುಕೊಂಡು ಅಗಲದ ಬಾರ್ ಹಾಕಿದರೆ ಗಾಡಿ ನೇರ ನಿಲ್ಲುವುದಿಲ್ಲ. ಆಗ ಎಲ್ಲರೂ ಬಾರಿಗೆ ಬೈಯುತ್ತಾರೆ.

ಚೈನ್ ಸ್ಪ್ರಾಕೆಟ್ ಸಹ ನೋಡಿ. ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಚೈನ್, ಮುಂದಿನ ಸ್ಪ್ರಾಕೆಟ್, ಹಿಂದಿನ ಸ್ಪ್ರಾಕೆಟ್ ಮೂರೂ ಒಟ್ಟಿಗೆ ಬದಲಾಯಿಸಬೇಕು. ಹಳೆ ಹಲ್ಲಿಗೆ ಹೊಸ ಚೈನ್ ಹಾಕಿದರೆ ಎರಡೂ ಹಾಳು.

ಇನ್ನೊಂದು ಕಟ್ಟುನಿಟ್ಟಾಗಿ ಹೇಳುತ್ತೇನೆ. ಚಾಸಿಗೆ ಕಟ್ಟರ್ ಮುಟ್ಟಿಸಬೇಡಿ. ಕಂಪನಿಯ ವಯರಿಂಗ್ ಕತ್ತರಿಸಬೇಡಿ. ಬೋಲ್ಟಿನಲ್ಲಿ ಕೂರುವುದನ್ನು ಹಾಕಿ, ಬೇಡ ಅಂದಾಗ ಬೋಲ್ಟ್ ಬಿಚ್ಚಿ ಹಳೆಯದನ್ನು ಕೂರಿಸುವ ಹಾಗಿರಬೇಕು. ತೆಗೆದದ್ದನ್ನೆಲ್ಲ ಆಯಿಲ್ ಒರೆಸಿ, ಚೀಲದಲ್ಲಿ ಕಟ್ಟಿ, ಅಟ್ಟದಲ್ಲಿಡಿ. ಈ ಲೆಕ್ಕದಲ್ಲಿ ಹೋದರೆ ಮನೆಯಲ್ಲಿ ಮಾಡಬಹುದಾದ ಕೆಲಸ ಬೇಕಾದಷ್ಟು ಉಂಟು.

ಉಪ್ಪಳ ವಯರಿಂಗ್

ಸ್ಪ್ಯಾನರ್ ಅಣ್ಣ ಹೇಳಿದ್ದು ಮುಗಿದ ಮೇಲೆ ಲೈಟ್. ಈ ರಸ್ತೆಗಳಲ್ಲಿ ನಿಜಕ್ಕೂ ಬೇಕಾದದ್ದು ಅದೇ, ಬಾರ್ ಬಣ್ಣ ಎಲ್ಲ ಆಮೇಲೆ.

ಯೂನಿಕಾರ್ನಿನ ಹೆಡ್‌ಲೈಟ್ 35/35 ವಾಟಿನದ್ದು. ಹಳೆ ಗಾಡಿಗಳಲ್ಲಿ ಮೊದಲು ಒಂದು ಪರೀಕ್ಷೆ: ನಿಧಾನ ಓಟದಲ್ಲಿ ಲೈಟ್ ಮಂಕಾಗಿ, ಎಕ್ಸಲೇಟರ್ ಕೊಟ್ಟಾಗ ಪ್ರಕಾಶ ಏರುತ್ತದಾ? ಎಂಜಿನ್ ಬಂದ್ ಇದ್ದು ಕೀ ಆನ್ ಮಾಡಿದರೆ ಹೆಡ್‌ಲೈಟ್ ಉರಿಯುದೇ ಇಲ್ಲವಾ? ಎರಡಕ್ಕೂ ಹೌದು ಅಂದರೆ ಆ ಲೈಟಿಗೆ ಕರೆಂಟು ಬರುದು ಬ್ಯಾಟರಿಯಿಂದ ಅಲ್ಲ, ನೇರ ಎಂಜಿನಿನ ಕಾಯಿಲಿನಿಂದ, ಎಸಿ ರೂಪದಲ್ಲಿ. ಅಂಥ ಹೋಲ್ಡರಿಗೆ ಸಾದಾ ಎಲ್‌ಇಡಿ ಬಲ್ಬ್ ಹಾಕಿದರೆ ಮಿಣುಕುತ್ತದೆ, ಬೇಗ ಸಾಯುತ್ತದೆ. (2017ರ ಏಪ್ರಿಲಿನ ನಂತರ ತಯಾರಾದ ಗಾಡಿಗಳಲ್ಲಿ ಲೈಟ್ ಸದಾ ಉರಿಯುವ ನಿಯಮ ಇರುವುದರಿಂದ ಈ ಪರೀಕ್ಷೆ ಅವಕ್ಕೆ ಹೊಂದುದಿಲ್ಲ.)

ಫಾಗ್ ಲೈಟಿನ ಕರೆಂಟನ್ನು ಬ್ಯಾಟರಿಯಿಂದಲೇ ತೆಗೆಯಬೇಕು, ರಿಲೇ ಇಟ್ಟು. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚು. ನಾಲ್ಕು ಕಾಲಿನ ರಿಲೇಯಲ್ಲಿ ನಂಬ್ರ ಬರೆದಿರುತ್ತದೆ. ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸ್ ಮೂಲಕ 30ಕ್ಕೆ. 87ರಿಂದ ಲೈಟಿಗೆ. 86ಕ್ಕೆ ಕೀ ಆನ್ ಆದಾಗ ಮಾತ್ರ ಕರೆಂಟು ಬರುವ ವಯರ್, ನಡುವೆ ನಿಮ್ಮ ಹೊಸ ಸ್ವಿಚ್ಚು. 85 ಅರ್ತಿಗೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ. ಹೀಗೆ ಮಾಡಿದರೆ ಕೀ ತೆಗೆದಾಗ ಲೈಟ್ ತಾನೇ ಆರುತ್ತದೆ, ಬೆಳಿಗ್ಗೆ ಬ್ಯಾಟರಿ ಇಳಿದಿರುದಿಲ್ಲ. ಲೈಟಿನ ಪೂರ್ತಿ ಕರೆಂಟು ಹ್ಯಾಂಡಲಿನ ಸ್ವಿಚ್ಚಿನಲ್ಲಿ ಹರಿಯುದೂ ಇಲ್ಲ.

ಫ್ಯೂಸ್ ಎಷ್ಟರದ್ದು? 20 ವಾಟಿನ ಎರಡು ಲೈಟ್ ಅಂದರೆ 40 ವಾಟ್, 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್. 5 ಆಂಪಿಯರಿನ ಫ್ಯೂಸ್ ಸಾಕು. ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನೊಳಗೆ ಇರಬೇಕು. ದೂರ ಇಟ್ಟರೆ ಬ್ಯಾಟರಿಯಿಂದ ಫ್ಯೂಸಿನವರೆಗಿನ ವಯರಿಗೆ ಕಾವಲೇ ಇಲ್ಲ. ಚಾಸಿಗೆ ಉಜ್ಜಿ ತೊಗಟೆ ಹೋದರೆ ಸೀಟಿನ ಅಡಿಯಲ್ಲೇ ಬೆಂಕಿ. 1 ಚದರ ಮಿಲಿಮೀಟರಿನ ತಾಮ್ರದ ವಯರ್ ತೆಗೆದುಕೊಳ್ಳಿ.

ಜೋಡಣೆಯನ್ನು ಬರೀ ತಿರುಚಿ ಟೇಪ್ ಸುತ್ತಿ ಬಿಡಬೇಡಿ. ನಮ್ಮ ಮಳೆಗೆ ಆ ಟೇಪ್ ಜೂನ್ ದಾಟುದಿಲ್ಲ, ಅಂಟು ಕರಗಿ ಒಳಗೆ ಹಸಿರು ಕಿಲುಬು ಬರುತ್ತದೆ. ಕ್ರಿಂಪ್ ಟರ್ಮಿನಲ್ ಒತ್ತಿ, ಮೇಲೆ ಶಾಖಕ್ಕೆ ಕುಗ್ಗುವ ಕೊಳವೆ ಹಾಕಿ. ಕನೆಕ್ಟರಿನ ಬಾಯಿ ಕೆಳಗೆ ಮುಖ ಮಾಡಿರಲಿ, ನೀರು ನಿಲ್ಲಬಾರದು. ಅಡಿಕೆ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರು ವಯರನ್ನು ಸುಕ್ಕು ಪೈಪಿನ ಒಳಗೆ ಹಾಯಿಸುದು ಒಳ್ಳೆಯದು, ಇಲಿ ಬಿಡುದಿಲ್ಲ.

ತಾಳವಾಡಿ ತಿರುವು

ಗಡಿ ಬೇರೆ ಆದ್ರೂ ಕಷ್ಟ ಒಂದೇ ಕಣ್ರಣ್ಣ. ನಮಗೆ ಸತ್ಯಮಂಗಲಕ್ಕೆ ಇಳಿಯೋಕೆ ದಿಂಬಂ ಘಾಟು, 27 ಹೇರ್‌ಪಿನ್ ತಿರುವು. ಎದುರಿಂದ ಬರೋನು ಬಿಳಿ ಎಲ್‌ಇಡಿ ಕಣ್ಣಿಗೆ ಹೊಡೆದ್ರೆ ತಿರುವಿನ ಅಂಚೇ ಕಾಣಲ್ಲ. ಅದಕ್ಕೆ ಲೈಟ್ ಹಾಕೋದಕ್ಕಿಂತ ಅದನ್ನ ಯಾವ ಕಡೆ ತಿರುಗಿಸಿ ಕೂರಿಸ್ತೀರ ಅನ್ನೋದು ಮುಖ್ಯ.

ಸಮತಟ್ಟು ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಗಾಡಿ ನಿಲ್ಲಿಸಿ. ಸ್ಟ್ಯಾಂಡ್ ಮೇಲೆ ಬೇಡ, ನೀವೇ ಮೇಲೆ ಕೂತಿರಿ. ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಇದೆಯೋ ಅಷ್ಟೇ ಎತ್ತರಕ್ಕೆ ಗೋಡೆ ಮೇಲೆ ಸುಣ್ಣದ ಗೆರೆ ಎಳೀರಿ. ಬೆಳಕಿನ ಮೇಲಂಚು ಆ ಗೆರೆಗಿಂತ 10 ಸೆಂಟಿಮೀಟರ್ ಆದ್ರೂ ಕೆಳಗಿರಬೇಕು. ಹಿಂದೆ ಯಾರನ್ನಾದ್ರೂ ಕೂರಿಸ್ಕೊಂಡು ಹೋಗೋ ಅಭ್ಯಾಸ ಇದ್ರೆ ಇನ್ನೂ ಸ್ವಲ್ಪ ಕೆಳಗೆ, ಯಾಕಂದ್ರೆ ಹಿಂದೆ ತೂಕ ಬಿದ್ದಾಗ ಮುಂದಿನ ಲೈಟ್ ಮೇಲೇಳತ್ತೆ.

ಹ್ಯಾಲೋಜನ್ ಬಲ್ಬಿಗೆ ಅಂತ ಮಾಡಿದ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬ್ ತುರುಕೋರಿಗೆ ಒಂದು ಮಾತು: ಬೆಳಕು ಹುಟ್ಟೋ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದ್ರೂ ಕಿರಣ ಚದುರತ್ತೆ. ನಮಗೆ ಹತ್ತಿರದಲ್ಲಿ ಜೋರಾಗಿ ಕಾಣತ್ತೆ, ದೂರ ಏನೂ ಇಲ್ಲ, ಎದುರಿನವನಿಗೆ ಮಾತ್ರ ಕುರುಡು. ಮಂಜಿದ್ದಾಗ ಹಳದಿ ಬೆಳಕಿನದ್ದನ್ನ ಕೆಳಗೆ ಕಟ್ಟಿ, ಫೋರ್ಕಿನ ಪಕ್ಕ ಇಲ್ಲ ಲೆಗ್ ಗಾರ್ಡ್ ಮೇಲೆ. ನಮ್ಮ ಘಾಟಿಗೂ ನಿಮ್ಮ ರಾಣಿಪುರಕ್ಕೂ ಅದೇ ಸರಿ.

ಕೆಎಲ್ ಹದಿನಾಲ್ಕು

ಕಾನೂನಿನ ಭಾಗವನ್ನು ಯಾರೂ ಮುಟ್ಟದ ಕಾರಣ ಬರೆಯುತ್ತಿದ್ದೇನೆ. ಕೇರಳದಲ್ಲಿ ಗಾಡಿ ಓಡಿಸುವ ನಮಗೆ ಇದು ಲೈಟಿನಷ್ಟೇ ಮುಖ್ಯ.

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಆಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ಆ ಪ್ರಕರಣ ಹೋದದ್ದು ಕೇರಳದಿಂದಲೇ. ಇಲ್ಲಿನ ಹೈಕೋರ್ಟ್ ಕೊಟ್ಟಿದ್ದ ಸಡಿಲ ತೀರ್ಪನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ನಿಯಮ ಮೀರಿ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. "ಪ್ರತಿ ಬದಲಾವಣೆಗೆ" ಎಂಬುದನ್ನು ಗಮನಿಸಿ. ಸೈಲೆನ್ಸರ್ ಒಂದು, ಬಾರ್ ಒಂದು ಎಂದು ಬೇರೆ ಬೇರೆ ಎಣಿಸಬಹುದು.

ನಿಮ್ಮ ಪಟ್ಟಿಯಲ್ಲಿರುವ ಲೈಟಿಗೆ ಸಂಬಂಧಿಸಿದ್ದು ಕೇಂದ್ರ ಮೋಟಾರು ವಾಹನ ನಿಯಮ 111: ಮುಂಭಾಗದಲ್ಲಿ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವಂತಿಲ್ಲ. ದೂರಕ್ಕೆ ಈಟಿಯ ಹಾಗೆ ಹೊಡೆಯುವ ಲೈಟುಗಳು ಇದರಲ್ಲಿ ಸಿಕ್ಕಿಬೀಳುತ್ತವೆ. ಹಿಂದಿನ ಮಡ್‌ಗಾರ್ಡಿನ ವಿಷಯಕ್ಕೆ ನಿಯಮ 123: ಹಿಂಬದಿ ಸವಾರನಿಗೆ ಹಿಡಿ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಸಿಕ್ಕದ ಹಾಗೆ ಹಿಂದಿನ ಚಕ್ರದ ಅರ್ಧಕ್ಕಿಂತ ಕಡಿಮೆಯಾಗದಂತೆ ಮುಚ್ಚುವ ರಕ್ಷಣೆ ಇರಲೇಬೇಕು.

ಬಣ್ಣ ಬದಲಾಯಿಸಬಹುದು, ಆದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ದಾಖಲಾಗಬೇಕು. ಅದೇ ಬಣ್ಣವನ್ನು ಮತ್ತೆ ಹಚ್ಚಿದರೆ ಈ ತಲೆಬಿಸಿ ಇಲ್ಲ. ಇನ್ನು, ಗಾಡಿ 2012ರದ್ದು. ದ್ವಿಚಕ್ರದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಅಂದರೆ 2027ರಲ್ಲಿ ಆರ್‌ಸಿ ನವೀಕರಣಕ್ಕೆ ಇನ್‌ಸ್ಪೆಕ್ಟರರ ಎದುರು ಗಾಡಿ ನಿಲ್ಲಿಸಬೇಕು. ಸ್ಪ್ಯಾನರ್ ಅಣ್ಣ ಹಳೆ ಸಾಮಾನು ಅಟ್ಟದಲ್ಲಿಡಿ ಎಂದದ್ದು ಅದಕ್ಕೂ ಉಪಯೋಗ.

ಬೋವಿಕ್ಕಾನ 350

ಹೀಗೆ ನೋಡಿದರೆ ಗಾಡಿಗೆ ಕೈ ಹಚ್ಚುವ ಹಾಗೇ ಇಲ್ಲವಲ್ಲ. ನನ್ನ ಬುಲೆಟಿಗೆ ಬೇರೆ ಸೈಲೆನ್ಸರ್ ಹಾಕಿದ್ದೇನೆ. ನಮ್ಮ ಕಡೆ ಎದುರು ಬರುವ ಜೀಪು ಕಾಣದ ತಿರುವುಗಳು. ಸದ್ದು ಇದ್ದರೆ ಅವರಿಗೆ ನಾವು ಬರುದು ಗೊತ್ತಾಗುತ್ತದೆ. ಅದೂ ಒಂದು ಸುರಕ್ಷತೆ ಅಂತಲೇ ನನ್ನ ಅಭಿಪ್ರಾಯ.

ಉಪ್ಪಳ ವಯರಿಂಗ್

ಬೋವಿಕ್ಕಾನದವರೆ, ನಿಮ್ಮ ಕಾಳಜಿ ಅರ್ಥ ಆಗುತ್ತದೆ, ಆದರೆ ಸೈಲೆನ್ಸರಿನ ಬಾಯಿ ಇರುದು ಹಿಂದಕ್ಕೆ. ಸದ್ದಿನ ಜೋರು ಹಿಂದಿನವರಿಗೆ, ರಸ್ತೆ ಬದಿಯ ಮನೆಯವರಿಗೆ. ಎದುರಿನ ಜೀಪಿನವನು ಗ್ಲಾಸ್ ಏರಿಸಿ ಹಾಡು ಹಾಕಿಕೊಂಡಿದ್ದರೆ ಅವನಿಗೆ ಕೇಳುವಷ್ಟರಲ್ಲಿ ತಿರುವು ಮುಗಿದಿರುತ್ತದೆ. ತಿರುವಿನ ಮೊದಲು ಎರಡು ಸಲ ಹಾರ್ನ್, ರಾತ್ರಿ ಆದರೆ ಡಿಪ್ ಡಿಮ್. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಬೇರೆ ಉಪಾಯ ನಾನು ನೋಡಿಲ್ಲ.

ಕುಂಬಳೆ ಸ್ಪ್ಯಾನರ್

ಸೈಲೆನ್ಸರ್ ವಿಷಯದಲ್ಲಿ ನನ್ನ ಮಾತು ಎಂಜಿನಿನ ಕಡೆಯಿಂದ. ಕಾರ್ಬುರೇಟರ್ ಗಾಡಿಗೆ ಒಳಗಿನ ತಡೆ ತೆಗೆದ ಸೈಲೆನ್ಸರ್ ಹಾಕಿದರೆ ಗಾಳಿ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತಿನ ತಿರುಪು) ಬದಲಾಯಿಸದೆ ಬಿಟ್ಟರೆ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತದೆ, ಎಕ್ಸಲೇಟರ್ ಬಿಟ್ಟಾಗ ಪಟಪಟ ಒಡೆಯುತ್ತದೆ. ಕೆಲವರಿಗೆ ಆ ಒಡೆಯುವ ಸದ್ದೇ ಖುಷಿ. ನನಗೆ ಅದು ಎಂಜಿನ್ ನರಳುವ ಸದ್ದು. 2020ರ ನಂತರದ ಬಿಎಸ್ 6 ಗಾಡಿಗಳಲ್ಲಿ ಸೈಲೆನ್ಸರ್ ಪೈಪಿನಲ್ಲೇ ಆಕ್ಸಿಜನ್ ಸೆನ್ಸರ್, ಒಳಗೆ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದನ್ನು ಕಿತ್ತರೆ ಮೀಟರಿನಲ್ಲಿ ಎಂಜಿನ್ ಲೈಟ್ ಉರಿಯಬಹುದು, ವಾರಂಟಿಯವರು ಗಾಡಿ ಮುಟ್ಟುದಿಲ್ಲ. ಹೊಗೆ ಪರೀಕ್ಷೆಯೂ ತಕರಾರು.

ಕೆಎಲ್ ಹದಿನಾಲ್ಕು

ಸೇರಿಸುತ್ತೇನೆ: ತಯಾರಕರಿಗೆ ಇರುವ ಸದ್ದಿನ ಮಿತಿ 80 ಸಿಸಿ ಮೇಲೆ 175 ಸಿಸಿವರೆಗೆ 77 ಡೆಸಿಬೆಲ್, ಅದಕ್ಕಿಂತ ದೊಡ್ಡ ಎಂಜಿನಿಗೆ 80. ಸದ್ದು, ಹೊಗೆಯ ಮಿತಿ ಮೀರಿದರೆ 190ನೇ ಸೆಕ್ಷನ್ ಬೇರೆಯೇ ಉಂಟು, 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹ.

ಕೈ ಹಚ್ಚುವ ಹಾಗೇ ಇಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಕಂಪನಿಯೇ ಬಿಡಿಭಾಗವಾಗಿ ಮಾರುವ ಕ್ಯಾರಿಯರ್, ಲೆಗ್ ಗಾರ್ಡ್, ಗಾಳಿ ತಡೆ, ಸೀಟಿನ ಹೊದಿಕೆ, ಮೊಬೈಲ್ ಚಾರ್ಜರ್, ಒಳ್ಳೆ ಟಯರ್, ಒಳ್ಳೆ ಬ್ರೇಕ್ ಪ್ಯಾಡ್, ಹೊಂದಿಸಬಹುದಾದ ಲಿವರ್, ಇಷ್ಟರಲ್ಲೇ ಗಾಡಿ ಎಷ್ಟು ಬದಲಾಗುತ್ತದೆ ನೋಡಿ. ಬೆಲೆಬಾಳುವ ಸಾಮಾನು ಹಾಕಿದವರು ವಿಮೆ ನವೀಕರಿಸುವಾಗ ಅದನ್ನು ಬರೆಸಿ. ಬರೆಸದ ಸಾಮಾನಿಗೆ ಕ್ಲೇಮ್ ಇಲ್ಲ.

ಮಂಜೇಶ್ವರದ ಸವಾರಿಣಿ

ನಾನು ದಿನಾ ತಲಪಾಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವವಳು, ಬೈಕಿನಲ್ಲೇ. ಇಷ್ಟು ಹೊತ್ತು ಓದಿದೆ. ಲೈಟ್, ಬಾರ್, ಸೈಲೆನ್ಸರ್ ಎಲ್ಲ ಬಂತು, ಕೂರುವವರ ಅಳತೆಗೆ ಗಾಡಿಯನ್ನು ಹೊಂದಿಸುದು ಮಾತ್ರ ಬರಲಿಲ್ಲ. ನನಗೆ ಬೈಕ್ ನನ್ನದು ಅನಿಸಿದ್ದು ಅದರಿಂದ.

ನನ್ನ ಕೈ ಸಣ್ಣದು. ಕ್ಲಚ್ ಲಿವರಿನ ದೂರ ಹೊಂದಿಸುವ ತಿರುಪು ಇರುವ ಲಿವರ್ ಹಾಕಿಸಿದ ಮೇಲೆ ಕಾಸರಗೋಡು ಪೇಟೆಯ ಟ್ರಾಫಿಕ್ಕಿನಲ್ಲಿ ಮಣಿಕಟ್ಟು ನೋಯುದು ನಿಂತಿತು. ಲಿವರ್ ಬದಲಾಯಿಸಿದಾಗ ಕೇಬಲಿನ ಸಡಿಲವನ್ನೂ ನೋಡಬೇಕು: ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಆಟ ಇರಬೇಕು. ಅದಿಲ್ಲದಿದ್ದರೆ ಕ್ಲಚ್ ಪೂರ್ತಿ ಕಚ್ಚದೆ ಪ್ಲೇಟ್ ಸವೆಯುತ್ತದೆ.

ಕಾಲು ನೆಲಕ್ಕೆ ಸಿಗುದಿಲ್ಲ ಅನ್ನುವವರು ಸೀಟಿನ ಫೋಮನ್ನು ಮುಂಭಾಗದ ಎರಡು ಬದಿಯಲ್ಲಿ ಓರೆ ಮಾಡಿ ತೆಗೆಸಿ. ನಡುವಿನ ದಪ್ಪ ಹಾಗೇ ಇರುತ್ತದೆ, ಕಾಲು ನೇರ ಇಳಿಯುತ್ತದೆ. ಸೀಟ್ ಹೊಲಿಯುವವರು ಎಲ್ಲ ಪೇಟೆಯಲ್ಲೂ ಇದ್ದಾರೆ. ಶಾಕ್ ಇಳಿಸುವ, ಫೋರ್ಕನ್ನು ಮೇಲೆ ಏರಿಸಿ ಕಟ್ಟುವ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬೇಡಿ, ಸ್ಟೀರಿಂಗಿನ ಕೋನವೇ ಬದಲಾಗುತ್ತದೆ.

ಪೆರ್ಲದವರೆ, ನಿಮ್ಮ ಗಿಡ್ಡ ಮಡ್‌ಗಾರ್ಡಿನ ಬಗ್ಗೆ. ಸ್ಯಾರಿ ಗಾರ್ಡನ್ನು ಮಾತ್ರ ತೆಗೆಯಬೇಡಿ, ದಯವಿಟ್ಟು. ಚೆಂದ ಕಾಣುದಿಲ್ಲ ಅಂತ ಹುಡುಗರು ಮೊದಲು ಬಿಚ್ಚುದು ಅದನ್ನೇ. ಆಮೇಲೆ ಒಂದು ದಿನ ಅಮ್ಮನನ್ನು ಕೂರಿಸಿಕೊಂಡು ಮದುವೆಗೆ ಹೊರಡುತ್ತಾರೆ. ಸೀರೆಯ ಸೆರಗು, ಚೂಡಿದಾರದ ಶಾಲು, ಕಾಕನ ಮುಂಡು, ಚೈನಿಗೆ ಎಲ್ಲ ಒಂದೇ. ಉದ್ದ ಮಡ್‌ಗಾರ್ಡ್ ಇಲ್ಲದಿದ್ದರೆ ಹಿಂದೆ ಕೂತವರ ಬೆನ್ನಿಗೆ ಪೂರ್ತಿ ಕೆಂಪು ಮಣ್ಣಿನ ನೀರು, ಅದೂ ಮಳೆಗಾಲದ ಐದು ತಿಂಗಳು.

ಪೆರ್ಲದ ಸವಾರ

ಅಕ್ಕ, ನೀವು ಹೇಳಿದ್ದು ಸರಿ. ಅಮ್ಮ ಹಿಂದೆ ಕೂರುದು ಈ ಗಾಡಿಯಲ್ಲೇ. ಸ್ಯಾರಿ ಗಾರ್ಡ್, ಮಡ್‌ಗಾರ್ಡ್ ಎರಡೂ ಇರುತ್ತದೆ, ಅದನ್ನು ಪಟ್ಟಿಯಿಂದ ತೆಗೆದೆ.

ಸ್ಪ್ಯಾನರ್ ಅಣ್ಣ, ಕಾನೂನಿನ ಮಾತು ಓದಿದ ಮೇಲೂ ಬಾರಿನ ಆಸೆ ಬಿಡುದಿಲ್ಲ. ನನಗೆ ಎತ್ತರ ಜಾಸ್ತಿ, ಈಗಿನದ್ದರಲ್ಲಿ ಬೆನ್ನು ಬಾಗುತ್ತದೆ. ತೀರಾ ಅಗಲ ಬೇಡ, ಮೂಲದ್ದಕ್ಕಿಂತ ಸ್ವಲ್ಪ ಎತ್ತರ ಅಷ್ಟೆ. ಮಾಡುದಾದರೆ ಹೇಗೆ?

ಕುಂಬಳೆ ಸ್ಪ್ಯಾನರ್

ಮೊದಲು ಬಾರ್ ಹಾಗೇ ಇಟ್ಟು ಕ್ಲ್ಯಾಂಪ್ ಸಡಿಲಿಸಿ ಅದನ್ನೇ ಸ್ವಲ್ಪ ಹಿಂದಕ್ಕೆ ಓಲಿಸಿ ನೋಡಿ, ಲಿವರುಗಳನ್ನು ಕೆಳಮುಖ ಮಾಡಿ ನೋಡಿ. ಅರ್ಧ ಜನರ ಬೆನ್ನುನೋವು ಅಲ್ಲಿಗೇ ಮುಗಿಯುತ್ತದೆ, ಖರ್ಚೂ ಇಲ್ಲ. ಅದರಲ್ಲಿ ಆಗದಿದ್ದರೆ ಮುಂದೆ ಓದಿ.

ನಮ್ಮ ಹೆಚ್ಚಿನ ಗಾಡಿಗಳ ಬಾರ್ 22 ಮಿಲಿಮೀಟರ್ ದಪ್ಪದ್ದು. ಅಂಗಡಿಯಲ್ಲಿ ಸಿಗುವ ದಪ್ಪ ಬಾರ್ ನಡುವಿನಲ್ಲಿ 28.6 ಇರುತ್ತದೆ, ಅದು ನಿಮ್ಮ ಕ್ಲ್ಯಾಂಪಿಗೆ ಕೂರುವುದಿಲ್ಲ. 22ರದ್ದನ್ನೇ ತೆಗೆದುಕೊಳ್ಳಿ, ಉಕ್ಕಿನದ್ದು. ತೂಕ ನೋಡಿ ತನ್ನಿ. ತೀರಾ ಹಗುರ ಇದ್ದರೆ ಗೋಡೆ ತೆಳು, ಗುಂಡಿಯಲ್ಲಿ ಬಿದ್ದಾಗ ಬಾಗುತ್ತದೆ.

ಹಳೆ ಬಾರ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ಕೇಬಲ್ ಯಾವುದರ ಒಳಗಿಂದ ಹೋಗಿದೆ ಅಂತ. ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹಾಸಿ. ಬ್ರೇಕ್ ಆಯಿಲ್ ಡಬ್ಬಿಯನ್ನು ಪೈಪಿನಿಂದ ಬಿಚ್ಚದೆ, ಹಗ್ಗ ಕಟ್ಟಿ ನೇರವಾಗಿಯೇ ತೂಗುಹಾಕಿ. ಓರೆ ಆದರೆ ಪೈಪಿಗೆ ಗಾಳಿ ಹೋಗುತ್ತದೆ. ಆಯಿಲ್ ಒಂದು ಹನಿ ಬಿದ್ದರೂ ಬಣ್ಣ ಎದ್ದು ಬರುತ್ತದೆ, ಕೂಡಲೇ ನೀರಿನಲ್ಲಿ ತೊಳೆಯಿರಿ.

ಸ್ವಿಚ್ ಪೆಟ್ಟಿಗೆಯ ಒಳಗೆ ಒಂದು ಸಣ್ಣ ಗುಬ್ಬಿ ಇರುತ್ತದೆ. ಅದು ಬಾರಿನ ತೂತಿನಲ್ಲಿ ಕೂತರೆ ಮಾತ್ರ ಪೆಟ್ಟಿಗೆ ತಿರುಗದೆ ನಿಲ್ಲುತ್ತದೆ. ಹೊಸ ಬಾರಿನಲ್ಲಿ ತೂತು ಇರುವುದಿಲ್ಲ. ಹಲವರು ಗುಬ್ಬಿಯನ್ನೇ ಕೊಯ್ದು ಬಿಡುತ್ತಾರೆ. ಹಾಗೆ ಮಾಡಿದ ಗಾಡಿಯಲ್ಲಿ ಎಕ್ಸಲೇಟರ್ ಕೊಟ್ಟಾಗ ಸ್ವಿಚ್ಚೇ ತಿರುಗುತ್ತದೆ, ಒಳಗಿನ ವಯರ್ ತಿರುಚಿಕೊಳ್ಳುತ್ತದೆ. ಎಲ್ಲ ಕೂರಿಸಿ ಕೋನ ನೋಡಿಕೊಂಡು, ಗುರುತು ಹಾಕಿ, ಬಾರಿಗೆ ತೂತು ಕೊರೆಯಿರಿ. ಗುಬ್ಬಿಯಷ್ಟೇ ಅಳತೆ, ದೊಡ್ಡದು ಬೇಡ.

ಕಟ್ಟಿದ ಮೇಲೆ ಹ್ಯಾಂಡಲನ್ನು ಎಡದ ತುದಿಗೆ, ಬಲದ ತುದಿಗೆ ತಿರುಗಿಸಿ. ಬೆರಳು ಟ್ಯಾಂಕಿಗೆ ತಾಗಬಾರದು, ಬ್ರೇಕ್ ಪೈಪ್ ಬಿಗಿಯಾಗಬಾರದು. ಎಂಜಿನ್ ನಿಧಾನ ಓಟದಲ್ಲಿಟ್ಟು ಮತ್ತೆ ಎರಡೂ ಕಡೆ ತಿರುಗಿಸಿ. ಸದ್ದು ಏರಿದರೆ ಎಕ್ಸಲೇಟರ್ ಕೇಬಲ್ ಗಿಡ್ಡ ಆಗಿದೆ. ಯು ತಿರುವು ತೆಗೆದುಕೊಳ್ಳುವಾಗ ಗಾಡಿ ತಾನೇ ಹಾರಿದರೆ ಹೇಗಿರುತ್ತದೆ ಯೋಚಿಸಿ. ಎಕ್ಸಲೇಟರ್ ತಿರುಗಿಸಿ ಬಿಟ್ಟಾಗ ಟಪ್ಪೆಂದು ವಾಪಸು ಬರಬೇಕು. ಇಷ್ಟರಲ್ಲಿ ಒಂದು ಸರಿ ಇಲ್ಲದಿದ್ದರೂ ಅಷ್ಟು ಎತ್ತರದ ಬಾರ್ ನಿಮ್ಮ ಗಾಡಿಗೆ ಅಲ್ಲ ಅಂತ. ಬ್ರೇಕ್ ಪೈಪ್ ಉದ್ದದ್ದು ಹಾಕುವ ಕೆಲಸಕ್ಕೆ ಗ್ಯಾರೇಜಿಗೆ ಬನ್ನಿ. ಅದರಲ್ಲಿ ಬೋಲ್ಟಿನ ಎರಡೂ ಬದಿ ಹೊಸ ತಾಮ್ರದ ವಾಶರ್ ಬೇಕು, ಗಾಳಿ ತೆಗೆಯಬೇಕು. ಮೊದಲ ಸಲ ಒಬ್ಬರೇ ಮಾಡುವ ಕೆಲಸ ಅಲ್ಲ.

ಹಾಂ, ಹೋಂಡಾದ ಕ್ರಾಸ್ ತಲೆಯ ಸ್ಕ್ರೂಗಳಿಗೆ ಜೆಐಎಸ್ (ಜಪಾನಿನ ಅಳತೆಯ) ಸ್ಕ್ರೂಡ್ರೈವರ್ ತನ್ನಿ. ಸಾದಾ ಸ್ಟಾರ್ ಸ್ಕ್ರೂಡ್ರೈವರ್ ಜಾರಿ ತಲೆ ಬೋಳಾಗುತ್ತದೆ.

ನೀರ್ಚಾಲು ತೋಟ

ನಮ್ಮದು ಸ್ಪ್ಲೆಂಡರ್, ಕೆಲಸದ ಗಾಡಿ. ಕ್ಯಾರಿಯರ್ ಹಾಕುವ ತೋಟದವರಿಗೆ ಎರಡು ಮಾತು.

ಕಬ್ಬಿಣದ ವರ್ಕ್‌ಶಾಪಿನಲ್ಲಿ ಮಾಡಿಸುವ ಕ್ಯಾರಿಯರಿಗೆ ಆಧಾರ ಕನಿಷ್ಠ ಎರಡು ಕಡೆ ಬೇಕು: ಸೀಟಿನ ಹಿಂದಿನ ಹಿಡಿಯ ಬೋಲ್ಟಿನಲ್ಲಿ ಒಂದು, ಶಾಕಿನ ಮೇಲಿನ ಬೋಲ್ಟಿನಲ್ಲಿ ಇನ್ನೊಂದು. ಬರೀ ಮಡ್‌ಗಾರ್ಡಿನ ತಗಡಿಗೆ ಕೂರಿಸಿದರೆ ಗೊಬ್ಬರದ ಗೋಣಿ ಹೇರಿದ ದಿನವೇ ಬಿರುಕು. ಭಾರ ಹಿಂದಿನ ಆಕ್ಸಲಿಗಿಂತ ಹಿಂದೆ ಹೋದಷ್ಟೂ ಮುಂದಿನ ಚಕ್ರ ಹಗುರ ಆಗುತ್ತದೆ, ಏರಿನಲ್ಲಿ ಹ್ಯಾಂಡಲ್ ಮಾತು ಕೇಳುದಿಲ್ಲ.

ಇನ್ನೊಂದು ಯಾರೂ ಹೇಳದ್ದು. ಮೈಲುತುತ್ತು. ಮಳೆಗಾಲಕ್ಕೆ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಲು ಎಲ್ಲರೂ ಕ್ಯಾರಿಯರಿನಲ್ಲೇ ತರುದು. ಚೀಲ ಒಡೆದು ಹುಡಿ ಉದುರಿ ಮೇಲೆ ಮಳೆ ನೀರು ಬಿತ್ತೋ, ಅಲಾಯ್ ಚಕ್ರದಲ್ಲಿ ಕುಳಿ ಬೀಳುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ತನ್ನಿ, ಮನೆಗೆ ಬಂದ ಕೂಡಲೇ ನೀರು ಹಾಯಿಸಿ. ಸ್ಪ್ರೇ ಪಂಪನ್ನು ಕಟ್ಟಿಕೊಂಡು ಹೋಗುವವರಿಗೂ ಇದೇ.

ಮುಳ್ಳೇರಿಯ ಹಳದಿ

ಟಯರಿನ ಬಗ್ಗೆ ಯಾರಾದರೂ ಬರೆಯಿರಿ. ಮಣ್ಣುರಸ್ತೆಗೆ ಗುಬ್ಬಿ ಗುಬ್ಬಿ ಇರುವ ಟಯರ್ ಒಳ್ಳೆಯದಾ? ಬಣ್ಣವನ್ನು ನಾನೂ ಹಚ್ಚಬೇಕು ಅಂತಿದ್ದೇನೆ. ಈಗ ಆಟಿ ತಿಂಗಳು, ಜೋರು ಮಳೆ, ಕೆಲಸ ಕಡಿಮೆ, ಮನೆಯಲ್ಲೇ ಇರುತ್ತೇನೆ.

ಉಪ್ಪಳ ವಯರಿಂಗ್

ಟಯರ್: ನೀವು ದಿನದಲ್ಲಿ ಓಡುದು ಹೆಚ್ಚು ಟಾರಿನಲ್ಲಾ ಮಣ್ಣಿನಲ್ಲಾ ನೋಡಿ. ದೊಡ್ಡ ಗುಬ್ಬಿಯ ಟಯರ್ ಒದ್ದೆ ಟಾರಿಗೆ ಕಡಿಮೆ ರಬ್ಬರ್ ತಾಗಿಸುತ್ತದೆ, ಬ್ರೇಕ್ ಹಿಡಿದಾಗ ಜಾರುತ್ತದೆ. ಆರು ಪಥದ ಹೆದ್ದಾರಿಯಲ್ಲಿ ಅದು ಅಪಾಯ. ಯೂನಿಕಾರ್ನಿಗೆ ಮುಂದೆ 2.75-18, ಹಿಂದೆ 100/90-18. ಅದೇ ಅಳತೆಯಲ್ಲಿ ನೀರು ಚೆನ್ನಾಗಿ ಹೊರಹಾಕುವ ನಮೂನೆಯದ್ದು ಹಾಕಿದರೆ ಸಾಕು. ಅಗಲದ ಟಯರನ್ನು ಸಪೂರ ರಿಮ್ಮಿಗೆ ಏರಿಸಿದರೆ ಟಯರ್ ಉರುಟಾಗಿ ಉಬ್ಬುತ್ತದೆ, ತಿರುವಿನಲ್ಲಿ ಗಾಡಿ ಒಮ್ಮೆಲೇ ವಾಲಿದಂತೆ ಆಗುತ್ತದೆ, ಚೈನ್ ಕವರಿಗೂ ಉಜ್ಜಬಹುದು. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. 2324 ಅಂದರೆ 2024ರ 23ನೇ ವಾರದ ತಯಾರಿ. ಹಳೆ ದಾಸ್ತಾನು ಕಡಿಮೆಗೆ ಸಿಕ್ಕಿದರೂ ಬೇಡ. ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೇ ಇರಲಿ.

ಕುಂಬಳೆ ಸ್ಪ್ಯಾನರ್

ಆಟಿಯಲ್ಲಿ ಬಣ್ಣ ಹಚ್ಚಬೇಡಿ ಮಾರಾಯ್ರೆ. ಗಾಳಿಯಲ್ಲಿ ಅಷ್ಟು ತೇವ ಇರುವಾಗ ಲ್ಯಾಕರ್ ಒಣಗುತ್ತಾ ಹಾಲಿನ ಹಾಗೆ ಬಿಳಿಚುತ್ತದೆ. ಡಿಸೆಂಬರ್ ಬರಲಿ. ಅಲ್ಲಿಯವರೆಗೆ ಟ್ಯಾಂಕ್ ತೆಗೆದು ತಯಾರಿ ಮಾಡಬಹುದು: ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆವಿ ಹೋಗುವಷ್ಟು ದಿನ ಬಾಯಿ ತೆರೆದಿಟ್ಟು, ತುಕ್ಕು ಇದ್ದಲ್ಲಿ ಲೋಹ ಕಾಣುವವರೆಗೆ ಉಜ್ಜಿ ಕೂಡಲೇ ಪ್ರೈಮರ್ ಕೊಡಿ. ಪ್ರೈಮರಿಗೆ 400ರ ನೀರಿನ ಕಾಗದ, ಬಣ್ಣಕ್ಕೆ ಮೊದಲು 800. ಕೊನೆಯ ಹೊಳಪಿಗೆ 2000.

ಇದರಲ್ಲಿ ಆರೋಗ್ಯದ ವಿಷಯ ಉಂಟು. ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯ ಕ್ಲಿಯರ್ ಕೋಟಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜನ್ನು ಉಸಿರಾಡಿದರೆ ಜೀವಮಾನದ ಉಬ್ಬಸ ಬರಬಹುದು. ಬಟ್ಟೆಯ ಮಾಸ್ಕ್, ಕೊರೊನಾ ಕಾಲದ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮಕ್ಕಳು, ಹಸು ಇರುವ ಮನೆಯ ಶೆಡ್ಡಿನಲ್ಲಿ ಅದನ್ನು ಹೊಡೆಯಲೇಬೇಡಿ. ತಯಾರಿ ಮನೆಯಲ್ಲಿ ಮಾಡಿ, ಬಣ್ಣವನ್ನು ಬೂತ್ ಇರುವಲ್ಲಿ ಹೊಡೆಸಿ.

ಮಂಜೇಶ್ವರದ ಸವಾರಿಣಿ

ಕರಾವಳಿಯವರಿಗೆ ಒಂದು ಪ್ರಶ್ನೆ. ನಮ್ಮ ಮನೆ ಸಮುದ್ರಕ್ಕೆ ಹತ್ತಿರ. ಹಾಕಿದ ಬೋಲ್ಟೆಲ್ಲ ಒಂದು ಮಳೆಗೆ ತುಕ್ಕು. ಸ್ಟೇನ್‌ಲೆಸ್ ಸ್ಟೀಲಿನದ್ದು ಹಾಕಿಬಿಡಲಾ?

ಉಪ್ಪಳ ವಯರಿಂಗ್

ಕವರು, ನಂಬ್ರ ಪ್ಲೇಟು, ಕನ್ನಡಿ ಇಂಥಲ್ಲಿಗೆ ಹಾಕಿ ಅಕ್ಕ. ಬ್ರೇಕ್ ಕ್ಯಾಲಿಪರ್, ಆಕ್ಸಲ್, ಹ್ಯಾಂಡಲ್ ಕ್ಲ್ಯಾಂಪಿಗೆ ಬೇಡ. ಕಂಪನಿಯ ಬೋಲ್ಟಿನ ತಲೆಯಲ್ಲಿ 8.8 ಅಂತ ಇದ್ದರೆ ಅದರ ಎಳೆತದ ಬಲ 800 ಮೆಗಾಪ್ಯಾಸ್ಕಲ್. ಅಂಗಡಿಯ ಸಾಮಾನ್ಯ ಸ್ಟೇನ್‌ಲೆಸ್ ಎ2-70 ಬೋಲ್ಟಿನದ್ದು 700. ಹೊಳೆಯುತ್ತದೆ, ಗಟ್ಟಿ ಕಡಿಮೆ. ಅಲ್ಯುಮಿನಿಯಂ ತಿರುಪಿನೊಳಗೆ ಸ್ಟೇನ್‌ಲೆಸ್ ಹೋದರೆ ಉಪ್ಪಿನ ಗಾಳಿಗೆ ಎರಡು ಲೋಹ ಕಚ್ಚಿಕೊಂಡು ಮುಂದೆ ಬಿಚ್ಚಲಿಕ್ಕೇ ಬರುದಿಲ್ಲ. ಹಾಕುವ ಮೊದಲು ಆಂಟಿ ಸೀಜ್ ಪೇಸ್ಟ್ ಸವರಿ. ಮಳೆಯಲ್ಲಿ ಓಡಿದ ದಿನ ಸಿಹಿನೀರಿನಲ್ಲಿ ಗಾಡಿಯ ಅಡಿ ತೊಳೆದು ಚೈನ್ ಒರೆಸಿ ಎಣ್ಣೆ ಕೊಡಿ.

ಬೋವಿಕ್ಕಾನ 350

ಸೈಲೆನ್ಸರ್ ವಿಷಯ ಓದಿ ಹಳೆಯದನ್ನು ಹುಡುಕಿದೆ, ಕೊಟ್ಟಿಗೆಯ ಅಟ್ಟದಲ್ಲಿ ಇದೆ. ಹಿಂದೆ ಜೆಟ್ ಬದಲಾಯಿಸಿದ್ದಾರಾ ಗೊತ್ತಿಲ್ಲ. ಸ್ಪ್ಯಾನರ್ ಅಣ್ಣ, ಹಳೆ ಸೈಲೆನ್ಸರ್ ವಾಪಸು ಹಾಕಿದರೆ ಜೆಟ್ ಸಹ ನೋಡಬೇಕಾ?

ಕುಂಬಳೆ ಸ್ಪ್ಯಾನರ್

ನೋಡಬೇಕು. ದೊಡ್ಡ ಜೆಟ್ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ ಹೋಗಿ ಪ್ಲಗ್ ಕಪ್ಪಾಗುತ್ತದೆ. ಹಳೆಯದನ್ನು ಕೂರಿಸಿ ಒಂದಷ್ಟು ದೂರ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಕಾಫಿ ಬಣ್ಣ ಇದ್ದರೆ ಸರಿ. ಮಸಿ ಹಿಡಿದಿದ್ದರೆ ಕಾರ್ಬುರೇಟರ್ ತನ್ನಿ. ಪೈಪಿನ ಬಾಯಿಗೆ ಹೊಸ ಗ್ಯಾಸ್ಕೆಟ್ ಮರೆಯಬೇಡಿ.

ಪೆರ್ಲದ ಸವಾರ

ಎಲ್ಲರಿಗೂ ಧನ್ಯವಾದ. ಕೋನ್ ಸೆಟ್ ಪರೀಕ್ಷೆ ಮಾಡಿದೆ, ನಡುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಮೊದಲು ಅದು, ಫೋರ್ಕ್ ಆಯಿಲ್, ಚೈನ್ ಸ್ಪ್ರಾಕೆಟ್, ಇಷ್ಟು ಗ್ಯಾರೇಜಿನಲ್ಲಿ. ಆಮೇಲೆ ಮನೆಯಲ್ಲಿ ರಿಲೇ ಹಾಕಿ ಹಳದಿ ಫಾಗ್ ಲೈಟ್, ಗೋಡೆಗೆ ಗೆರೆ ಎಳೆದು ಕೂರಿಸುತ್ತೇನೆ. ಟಯರ್ ಅದೇ ಅಳತೆ. ಬಣ್ಣ ಡಿಸೆಂಬರಿಗೆ, ಅದೇ ಕಪ್ಪು. ಬಾರನ್ನು ಸದ್ಯ ಹಿಂದಕ್ಕೆ ಓಲಿಸಿ ನೋಡುತ್ತೇನೆ.

ಒಂದು ಸಂಶಯ ಉಳಿಯಿತು: ರಿಲೇಯ 86ಕ್ಕೆ ಕೀ ಆನ್ ಆದಾಗ ಬರುವ ಕರೆಂಟನ್ನು ಕಂಪನಿ ವಯರ್ ಕತ್ತರಿಸದೆ ಎಲ್ಲಿಂದ ತೆಗೆಯುದು?

ಉಪ್ಪಳ ವಯರಿಂಗ್

ಹಿಂದಿನ ಟೇಲ್ ಲೈಟಿನ ಕನೆಕ್ಟರಿನಿಂದ. ಅದೇ ನಮೂನೆಯ ಗಂಡು ಹೆಣ್ಣು ಕನೆಕ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಎರಡರ ನಡುವೆ ಗಿಡ್ಡ ವಯರಿನ ಕೊಂಡಿ ಮಾಡಿ, ಅದರಿಂದ ಒಂದು ಕವಲು ತೆಗೆಯಿರಿ. ಕಂಪನಿಯದ್ದನ್ನು ಬಿಡಿಸಿ ನಡುವೆ ಇದನ್ನು ಚುಚ್ಚಿದರೆ ಆಯಿತು, ಬೇಡ ಅಂದಾಗ ಕಿತ್ತು ಮೊದಲಿನ ಹಾಗೆ ಜೋಡಿಸಬಹುದು. ರಿಲೇಯ ಕಾಯಿಲಿಗೆ ಬೇಕಾಗುದು ತೀರಾ ಸಣ್ಣ ಕರೆಂಟು, ಟೇಲ್ ಲೈಟಿನ ವಯರಿಗೆ ಭಾರ ಆಗುದಿಲ್ಲ. ಯಾವ ವಯರಿನಲ್ಲಿ ಕರೆಂಟು ಇದೆ ಅಂತ ಬಣ್ಣ ನೋಡಿ ನಂಬಬೇಡಿ, ಟೆಸ್ಟ್ ಲ್ಯಾಂಪ್ ಇಟ್ಟು ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ಉರಿಯುವ ವಯರನ್ನು ಬಿಟ್ಟು ಇನ್ನೊಂದನ್ನು ಹಿಡಿಯಿರಿ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಪರೀಕ್ಷೆಯ ಹೊತ್ತಿಗೆ ಮಾತ್ರ ಹಾಕಿ.